ಹಕ್ಕಿಗೆ ತಕ್ಕ ಠಸ್ಸೆ

ಹಕ್ಕಿಗಳ ಅಂಚೆಚೀಟಿ ಕೂಡಿಡುವವರಲ್ಲಿ ಹೆಚ್ಚಿನವರು ಕ್ಯಾಟಲಾಗು ಹಿಡಿದೇ ಹೊರಡುತ್ತಾರೆ. ಸೆಟ್ಟು ಭರ್ತಿಯಾದರೆ ಆಲ್ಬಮ್ಮಿನ ಆ ಪುಟ ಮುಗಿಯಿತು. ಈ ಪದ್ಧತಿಗೆ ನನ್ನ ಒಪ್ಪಿಗೆಯಿಲ್ಲ. ಚೀಟಿಯಲ್ಲಿರುವ ಹಕ್ಕಿ ಯಾವ ಸೀಮೆಯದು, ಅಲ್ಲಿಗೆ ಯಾವಾಗ ಬರುತ್ತದೆ ಎಂಬುದನ್ನು ಹೇಳದ ಸಂಗ್ರಹ ಎಷ್ಟೇ ಬೆಲೆಬಾಳಲಿ, ಅರೆಬರೆಯೇ. ಇದನ್ನು ಒರೆಗೆ ಹಚ್ಚಲು ತಮಿಳುನಾಡಿನ ತೇನಿ, ಕಂಬಂ, ದಿಂಡಿಗಲ್ ಸೀಮೆ ತಕ್ಕ ಜಾಗ. ಒಂದು ಬದಿಗೆ ಮೇಘಮಲೈ, ಇನ್ನೊಂದು ಬದಿಗೆ ಪಳನಿ ಬೆಟ್ಟ, ನಡುವಿನ ಕಣಿವೆಯಲ್ಲಿ 1895ರಿಂದ ಪೆರಿಯಾರ್ ನೀರು ಕಾಣುತ್ತಿರುವ ಗದ್ದೆ, ದ್ರಾಕ್ಷಿ ತೋಟ.

1968ರ ಡಿಸೆಂಬರ್ 31ರಂದು ನಮ್ಮ ಅಂಚೆ ಇಲಾಖೆ ತಂದ ನಾಲ್ಕು ಹಕ್ಕಿಗಳ ಸೆಟ್ಟನ್ನು ಹಳಬರು ಈಗಲೂ ಮೆಚ್ಚಿ ಮಾತಾಡುತ್ತಾರೆ. ಆದರೆ ಅದರ ಮನಸ್ಸೆಲ್ಲ ಹಿಮಾಲಯದ ಕಡೆಗಿದೆ. ಬಾಗುಕೊಕ್ಕಿನ ಹರಟೆಮಲ್ಲವೊಂದು ನಮಗೂ ಸ್ವಲ್ಪ ಸಲ್ಲುತ್ತದೆ. ಘಟ್ಟದ ಹಕ್ಕಿಯನ್ನೂ ಆಗ ಅದೇ ಜಾತಿಗೆ ಸೇರಿಸಿ ಎಣಿಸುತ್ತಿದ್ದರು. 1975ರ ಸೆಟ್ಟಿನಲ್ಲಿ ಹಿಮಾಲಯದ ಮೊನಾಲ್, ಟ್ರಾಗೋಪಾನ್‌ಗಳ ಜೊತೆಗೆ ಕರಿತಲೆ ಹೊನ್ನಕ್ಕಿಯೂ ನವರಂಗವೂ ಬಂದವು. ಚಳಿಗಾಲಕ್ಕೆ ತೆಂಕಣಕ್ಕೆ ಇಳಿಯುವ ಈ ನವರಂಗವನ್ನು ತಮಿಳುನಾಡಿನಲ್ಲಿ ಆರುಮಣಿ ಕುರುವಿ ಎನ್ನುತ್ತಾರೆ, ಬೆಳಿಗ್ಗೆ ಸಂಜೆ ಆರರ ಹೊತ್ತಿಗೆ ಕೂಗುತ್ತದೆಂದು. ಆ 25 ಪೈಸೆಯ ಚೀಟಿ ನನಗೆ ಎರಡು ರೂಪಾಯಿಯ ಮೊನಾಲ್‌ಗಿಂತ ದೊಡ್ಡದು.

ಈ ಕಣಿವೆಯ ಮಟ್ಟಿಗೆ ಎಲ್ಲಕ್ಕಿಂತ ಮೇಲಾದದ್ದು 2000ದ ವಲಸೆ ಹಕ್ಕಿಗಳ ಸೆಟ್ಟು. ಗುಲಾಬಿ ಮೈನಾ ಹಿಂಡು ಹಿಂಡಾಗಿ ಜೋಳದ ಹೊಲಕ್ಕೆ ಇಳಿಯುತ್ತದೆ. ಬಿಳಿಹುಬ್ಬಿನ ಬಾತು ಕೆರೆಗಳಿಗೆ ಬರುತ್ತದೆ. ಕಾಡು ಸಿಪಿಲೆ ಚಳಿಗಾಲ ಕಳೆಯುವುದು ಘಟ್ಟದ ಕಾಡು, ಕಾಫಿ ತೋಟಗಳ ನೆರಳಿನಲ್ಲಿ. ಮೂರು ಮೂರು ರೂಪಾಯಿಯ ಈ ಚೀಟಿಗಳು ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತವೆ, ಅದಕ್ಕೇ ಯಾರಿಗೂ ಬೇಡ. ಬೇಡಿಕೆಯೆಲ್ಲ 1994ರ ನೀರುಹಕ್ಕಿಗಳ ಸೆಟ್ಟಿಗೆ: ನೀರು ತಾಗಿದರೆ ಬಣ್ಣ ಬಿಡುತ್ತದೆಂದು ಅದನ್ನು ಬೇಗನೆ ಹಿಂದಕ್ಕೆ ತೆಗೆದುಕೊಂಡರು, ಹಾಗಾಗಿ ಅಪರೂಪ. ಮುದ್ರಣದ ದೋಷವೇ ಹಕ್ಕಿಯ ಬೆಲೆ ಕಟ್ಟುವುದು ನನಗೆ ನೋವಿನ ಸಂಗತಿ. 2016ರ ವಿದೇಶಿ ಹಕ್ಕಿಗಳ ಸೆಟ್ಟಂತೂ ಆಗಬಾರದಿತ್ತು. ಪಂಜರದ ವ್ಯಾಪಾರಕ್ಕೆ ಸಿಕ್ಕಿ ನಲುಗಿದ ಮಕಾವ್, ಕಾಕಟೂಗಳಿಗೆ ನಮ್ಮ ಅಂಚೆ ಇಲಾಖೆ ಜಾಗ ಕೊಡುವ ಅಗತ್ಯವೇನಿತ್ತು?

ಚೀಟಿಯನ್ನು ಹಕ್ಕಿಯ ಸೀಮೆಗೆ ಜೋಡಿಸಲು ಸಂಗ್ರಾಹಕರ ಕೈಯಲ್ಲಿ ಒಂದು ದಾರಿಯಿದೆ, ಮ್ಯಾಕ್ಸಿಮಂ ಕಾರ್ಡ್. ಹಕ್ಕಿಯ ಚಿತ್ರವಿರುವ ಪೋಸ್ಟ್‌ಕಾರ್ಡು, ಚಿತ್ರದ ಬದಿಗೇ ಅಂಟಿಸಿದ ಅದೇ ಹಕ್ಕಿಯ ಚೀಟಿ, ಅದರ ಮೇಲೆ ಆ ಹಕ್ಕಿಗೆ ಸಂಬಂಧಪಟ್ಟ ಊರಿನ ಠಸ್ಸೆ, ಮೂರೂ ಹೊಂದಬೇಕು. ಕಾಡು ಸಿಪಿಲೆಗೆ ಬೋಡಿನಾಯಕನೂರಿನ ಠಸ್ಸೆ, ಗುಲಾಬಿ ಮೈನಾಕ್ಕೆ ಕಂಬಂ ಠಸ್ಸೆ. ತಾರೀಖು ಚಳಿಗಾಲದ್ದಾಗಿರಬೇಕು, ಹಕ್ಕಿ ಅಲ್ಲಿರುವ ಕಾಲದ್ದು. ಚೀಟಿಯ ಮೇಲೆ ಸಾಮಾನ್ಯವಾಗಿ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಎಡೆಯಿಲ್ಲ. ಆಲ್ಬಮ್ಮಿನ ಪುಟ ಮಾತ್ರ ನಮ್ಮದೇ. ಕಂಬಂ ಕಡೆ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರಿದ್ದಾರೆ. ಅಲ್ಲಿನ ಮಗುವೊಂದು ನವರಂಗದ ಕೆಳಗೆ ಕನ್ನಡ, ತಮಿಳು ಎರಡೂ ಹೆಸರು ಬರೆದರೆ ಆ ಪುಟಕ್ಕೆ ನಾನು ಬಹುಮಾನ ಕೊಡುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಬೇಕು. 2006ರ ಅಳಿವಿನಂಚಿನ ಹಕ್ಕಿಗಳ ಸೆಟ್ಟಿನಲ್ಲಿ ನೀಲಗಿರಿಯ ನಗೆಮಲ್ಲ ಇದೆ. ಅದನ್ನು ಕೊಡೈಕಾನಲ್ಲಿನ ಕಾರ್ಡಿಗೆ ಅಂಟಿಸುವ ಆಸೆ ಯಾರಿಗಾದರೂ ಬಂದೀತು. ಕೊಡೈಕಾನಲ್ಲಿನದು ಬೇರೆಯೇ ಜಾತಿ: ಎದೆ ಬೂದು, ನೀಲಗಿರಿಯದರ ಹಾಗೆ ಕೆಂಗಂದು ಅಲ್ಲ. ಪಳನಿ ಬೆಟ್ಟದಲ್ಲಿ ಹಕ್ಕಿಗಳನ್ನು ಕಲೆಹಾಕಿದ ಅಮೆರಿಕನ್ ಪಾದ್ರಿ ಫೇರ್‌ಬ್ಯಾಂಕ್ ಅವರ ಹೆಸರು ಅದಕ್ಕಿದೆ. ಎರಡರ ನಡುವೆ ಪಾಲಕ್ಕಾಡಿನ ಕಣಿವೆ ಬಾಯ್ತೆರೆದು ನಿಂತಿದೆ. ಇವನ್ನು ಮಾಂಟೆಸಿಂಕ್ಲಾ ಎಂಬ ಹೊಸ ಕುಲಕ್ಕೆ ಸೇರಿಸಿದ 2017ರ ಅಧ್ಯಯನವೂ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸಿತು. ಹಾಗಾಗಿ ಆ ಚೀಟಿಗೆ ಊಟಿಯ ಠಸ್ಸೆಯೇ ಬೀಳಬೇಕು. ಕೊಡೈಕಾನಲ್ಲಿನ ನಗೆಮಲ್ಲಕ್ಕೆ ಅದರದೇ ಚೀಟಿ ಬೇಕು.