ನೀಲಗಿರಿಯ ಎಲೆ, ಕೋಆಲಾದ ನಿದ್ದೆ

ಮರ ನೋಡುವ ಹವ್ಯಾಸದವರು ನೀಲಗಿರಿಯ ಮುಂದೆ ನಿಲ್ಲುವುದು ಕಡಿಮೆ. ಅಂತರ್ಜಲ ಹೀರಿದ ಮರವೆಂಬ ಸಿಟ್ಟು ಕೋಲಾರದ ಕಡೆ ಇನ್ನೂ ಆರಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೂ ಈ ವಾರ ಅದರದೊಂದು ಎಲೆ ಕಿತ್ತು, ಹಿಸುಕಿ ಮೂಸಿ ನೋಡಿ. ನಮ್ಮಲ್ಲಿ ‘ಮೈಸೂರು ಗಮ್’ ಎಂದು ಬೆಳೆದದ್ದು ಬಹುಪಾಲು ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ವಂಶದ್ದು. ಅದರ ತವರು ಪಪುವಾ ನ್ಯೂಗಿನಿ ಮತ್ತು ಆಸ್ಟ್ರೇಲಿಯಾದ ಪೂರ್ವ ಭಾಗ. ಕ್ವೀನ್ಸ್‌ಲ್ಯಾಂಡಿನ ಕೋಆಲಾಗಳಿಗೆ, ಮರಿಯನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುವ ಆ ಪ್ರಾಣಿಗಳಿಗೆ, ಇದರ ಎಲೆ ಅಚ್ಚುಮೆಚ್ಚು.

ಮರವನ್ನೂ ಪ್ರಾಣಿಯನ್ನೂ ಜೊತೆಗಿಟ್ಟು ನೋಡಿದರೆ ಎರಡೂ ಬಡತನದಲ್ಲಿ ಸಂಸಾರ ತೂಗಿಸುವುದನ್ನು ಕಲಿತವು ಎನಿಸುತ್ತದೆ. ಆಸ್ಟ್ರೇಲಿಯಾದ ಮಣ್ಣು ಬಹುತೇಕ ಕಡೆ ತೀರಾ ಹಳೆಯದು, ರಂಜಕ ಸವೆದದ್ದು. ಅಲ್ಲಿ ಕಳೆದುಕೊಂಡ ಎಲೆಯನ್ನು ಮತ್ತೆ ಕಟ್ಟಿಕೊಳ್ಳುವುದು ಮರಕ್ಕೆ ದುಬಾರಿ. ಅದಕ್ಕೇ ಎಲೆಗೆ ನಾರು, ಎಣ್ಣೆ, ಟ್ಯಾನಿನ್ ತುಂಬಿ ಕಾಪಾಡಿಕೊಳ್ಳುತ್ತದೆ. ನಮ್ಮ ದನಗಳು ಇದಕ್ಕೆ ಬಾಯಿ ಹಾಕುವುದಿಲ್ಲ. ನೆಡುತೋಪಿನವರಿಗೆ ಇದು ಹಿಡಿಸಲು ಅದೂ ಒಂದು ಕಾರಣ.

ಕೋಆಲಾ ವಿಷದಂಥ ಆ ಎಲೆಯನ್ನೇ ಊಟ ಮಾಡಿಕೊಂಡಿದೆ. ಒಂದೊಂದು ಎಲೆಯನ್ನೂ ಮೂಸಿಯೇ ತಿನ್ನುತ್ತದೆ. ವಿಷ ಮುರಿಯುವ ಕಿಣ್ವಗಳ ಜೀನುಗಳು ಅದರಲ್ಲಿ ವಿಪರೀತ ಹೆಚ್ಚಿರುವುದು 2018ರ ಜೀನೋಮ್ ಅಧ್ಯಯನದಲ್ಲಿ ಕಂಡಿತು. ನಾರನ್ನು ಹುದುಗಿಸಲು ಸುಮಾರು 2 ಮೀಟರ್ ಉದ್ದದ ಕುರುಡುಕರುಳಿದೆ. ಇಷ್ಟಾದರೂ ಸಿಗುವ ಶಕ್ತಿ ಅತ್ಯಲ್ಪ. ದಿನಕ್ಕೆ 18ರಿಂದ 20 ಗಂಟೆ ಅದು ನಿದ್ರಿಸುವುದು ಎಣ್ಣೆಯ ಅಮಲಿನಿಂದಲ್ಲ, ಮಿತವ್ಯಯಕ್ಕಾಗಿ. ನನ್ನನ್ನು ಬೆರಗಾಗಿಸುವುದು ಅದರ ತಾಯ್ತನ. ಸುಮಾರು ಆರು ತಿಂಗಳ ಮರಿ ಚೀಲದಿಂದ ತಲೆ ಹೊರಹಾಕುವ ಹೊತ್ತಿಗೆ, ತಾಯಿ ತನ್ನ ಕುರುಡುಕರುಳಿನಿಂದ ಬಂದ ಮೆತ್ತನೆಯ ಮಲವನ್ನು ಅದಕ್ಕೆ ಉಣಿಸುತ್ತದೆ. ಎಲೆ ಜೀರ್ಣಿಸುವ ಸೂಕ್ಷ್ಮಾಣುಗಳು ಮರಿಗೆ ದಾಟುವುದು ಹಾಗೆ. ಹಾಲಿನಿಂದ ಎಲೆಗೆ ಹೋಗಲು ಅದಕ್ಕೆ ಇದು ನೆರವಾಗುತ್ತದೆ.

ಹೋಲಿಕೆ ಮುರಿಯುವುದು ಬೆಂಕಿಯಲ್ಲಿ. ನೀಲಗಿರಿಯ ತೊಗಟೆಯಡಿ, ಬುಡದ ಗಂಟಿನಲ್ಲಿ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. ಕಡಿದರೂ ಸುಟ್ಟರೂ ಚಿಗುರುತ್ತವೆ. ಕೋಆಲಾ ಹೆರುವುದು ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿ, ಅದೂ ಹೆಚ್ಚೆಂದರೆ. ಆಸ್ಟ್ರೇಲಿಯಾದ 2019–20ರ ಕಾಳ್ಗಿಚ್ಚಿನಲ್ಲಿ ಕಪ್ಪಾದ ಕಾಂಡಗಳು ಕೆಲವೇ ತಿಂಗಳಲ್ಲಿ ಹಸಿರಾದವು. ಬೆಂಕಿಯ ಜೊತೆಗೆ ಬರ, ರೋಗ, ಕಾಡಿನ ನಾಶವೂ ಸೇರಿ ಪ್ರಾಣಿ ಸೋತಿತು. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶದ ಕೋಆಲಾಗಳನ್ನು 2022ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.