ಬೆರಿಂಬಾವ್ ಹೇಳಿದಂತೆ

ಬ್ರೆಜಿಲ್‌ನ ಕಾದಾಟದ ಕಲೆಯಾದ ಕಪೊಯೇರಾದಲ್ಲಿ ಆಟದ ಗತಿ ಹಿಡಿಯುವುದು ಬೆರಿಂಬಾವ್ ಎಂಬ ಒಂಟಿ ತಂತಿಯ ವಾದ್ಯ. ಬಿಲ್ಲಿನಂತೆ ಬಾಗಿಸಿದ ಕೋಲು, ಬಿಗಿದ ಉಕ್ಕಿನ ತಂತಿ, ಕೆಳಗೆ ಕಟ್ಟಿದ ಸೋರೆ ಬುರುಡೆ. ಬುರುಡೆಯ ಬಾಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ನಾದ ತಿದ್ದುತ್ತಾರೆ. ಲಯ ಏರಿತೋ, ವೃತ್ತದೊಳಗಿನ ಇಬ್ಬರ ಕಾಲೂ ಚುರುಕಾಗುತ್ತದೆ. ಕಾದಾಟವೊಂದು ಸಂಗೀತದ ಮಾತು ಕೇಳುವುದು ಎಂಥ ಸೊಗಸು!

ಬ್ರೆಜಿಲ್‌ಗೆ ಗುಲಾಮರಾಗಿ ಬಂದ ಆಫ್ರಿಕನ್ನರು ಕಟ್ಟಿದ ಈ ವಿದ್ಯೆಯನ್ನು 1890ರ ದಂಡಸಂಹಿತೆ ಅಪರಾಧವೆಂದಿತು. ಆದರೂ ಸಾಲ್ವಡಾರ್‌ನಲ್ಲಿ ಮೆಸ್ತ್ರೆ (ಗುರು) ಬಿಂಬಾ 1932ರಲ್ಲಿ ಶಾಲೆ ತೆರೆದರು. ಹಳೆಯ ಅಂಗೋಲಾ ಶೈಲಿಗೆ 1941ರಲ್ಲಿ ಮೆಸ್ತ್ರೆ ಪಾಸ್ತಿನ್ಯಾ ನೆಲೆ ಕೊಟ್ಟರು. ಆಟದ ಜೀವಾಳ ಜಿಂಗಾ, ಅಂದರೆ ಅತ್ತಿತ್ತ ತೂಗುವ ಹೆಜ್ಜೆ. ಬಿಂಬಾ ಅದನ್ನು ಹೊಸಬರ ಎರಡೂ ಕೈ ಹಿಡಿದು, ಎದುರುಬದುರಾಗಿ ತಾವೇ ತೂಗುತ್ತ ಕಲಿಸುತ್ತಿದ್ದರು. ಅವರ ಹೆಸರಾಂತ ಒದೆತಗಳಿಗಿಂತ ನನಗೆ ಆ ಕೈಹಿಡಿತವೇ ದೊಡ್ಡದು.