ಎಷ್ಟ್ ಕೊಡತೈತ್ರಿ?

ಮಹಾಂತೇಶ ನಗರದಾಗ ಯಾರಾದರೂ ಹೈಬ್ರಿಡ್ ಕಾರು ತಂದರೆ ಕೇಳೋ ಪ್ರಶ್ನೆ ಇದೊಂದೇ. ಬಿಡದಿಯಲ್ಲಿ ತಯಾರಾಗುವ ಹೈರೈಡರ್ ಲೀಟರಿಗೆ 27.97 ಕಿ.ಮೀ. ಅಂತ ಹೇಳಿಕೊಂಡೇ 2022ರಲ್ಲಿ ಬಂತು. ಅಂಕಿ ಸುಳ್ಳಲ್ಲ. ಆದರೆ ಅದು ಲ್ಯಾಬಿನ ರೋಲರ್ ಮೇಲೆ, 90ರ ವೇಗ ದಾಟದ ಪರೀಕ್ಷೆಯಲ್ಲಿ ಸಿಕ್ಕದ್ದು. ಮಾರುವಾಗ ಅಂಕಿಯಷ್ಟೇ ಉಳಿಯುತ್ತೆ, ಷರತ್ತು ಮಾಯ. ಪುಣೆ ಹೈವೇಯಲ್ಲಿ 110ರಲ್ಲಿ ಹೊರಟವರಿಗೆ ಗಾಳಿಯ ತಡೆ 80ರಲ್ಲಿ ಇದ್ದದ್ದರ ಹೆಚ್ಚುಕಮ್ಮಿ ದುಪ್ಪಟ್ಟು. ಎಂಜಿನ್ ಆರೋದೇ ಅಪರೂಪ.

ಹೈಬ್ರಿಡ್‌ನ ದೊಡ್ಡ ಉಳಿತಾಯ ಇರೋದು ಬ್ರೇಕಿನಲ್ಲಿ. ದೂರದಿಂದಲೇ ಸಿಗ್ನಲ್ ನೋಡಿ ಹಗೂರ ಒತ್ತಿದರೆ ಮೋಟರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತೆ. ಕೊನೇ ಗಳಿಗೆಯಲ್ಲಿ ಜೋರಾಗಿ ತುಳಿದರೆ ಆ ಶಕ್ತಿಯಲ್ಲಿ ದೊಡ್ಡ ಪಾಲು ಡಿಸ್ಕ್ ಬಿಸಿ ಮಾಡಿ ಹೋಗುತ್ತೆ. ನಮ್ಮೂರಲ್ಲಿ ಚಕ್ಕಡಿ ಹೊಡೆಯೋರಿಗೆ ಇದನ್ನ ಯಾರೂ ಕಲಿಸಬೇಕಿಲ್ಲ, ಇಳಿಜಾರು ಕಂಡರೆ ಬಾರಕೋಲು ಬೀಸಂಗಿಲ್ಲ. ಹಾಗಂತ ಚೋರ್ಲಾ ಘಾಟ್ ಇಳಿದರೆ ಹತ್ತಿದ್ದೆಲ್ಲಾ ವಾಪಸ್ ಬರುತ್ತೆ ಅನ್ಕೋಬೇಡಿ. ಒಂದು ಯೂನಿಟ್ ಕರೆಂಟೂ ಹಿಡಿಯದ ಬ್ಯಾಟರಿ ಅದು, ಬುಡ ಮುಟ್ಟೋ ಮುಂಚೆಯೇ ತುಂಬಿಬಿಡುತ್ತೆ.

ವಾರಾ ವಾರಾ ಪುಣೆಗೆ ಓಡೋರು ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಇದನ್ನ ಯಾಕೆ ತಗೋತಾರೋ! ದಿನಾ ಚನ್ನಮ್ಮ ಸರ್ಕಲ್ ಟ್ರಾಫಿಕ್ಕಲ್ಲಿ ನಿಲ್ಲೋರಿಗೆ, ಅದೂ ಬಲಗಾಲು ಹಗೂರ ಇದ್ದರೆ, ಆ ದುಡ್ಡು ಹುಟ್ಟತೈತಿ.